ಮೂಡಲಪಾಯದ ವೀಡಿಯೊಗಳಿಗಾಗಿ ಒಂದು ಎಸ್‌ಎಸ್‌ಡಿ

ಹಾರ್ಡ್ ಡಿಸ್ಕಿನ ಬದಲು ಚಿಪ್‌ಗಳಲ್ಲಿ ಡೇಟಾ ಉಳಿಸುವ ವೇಗದ ಎಸ್‌ಎಸ್‌ಡಿ ಡ್ರೈವು ಕೊಳ್ಳಲು ಹೊರಟವರಿಗೆ ಮೊದಲು ಕಣ್ಣಿಗೆ ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಒಂದು ಸಂಖ್ಯೆ. 3,500, 5,000, 7,000, ಈಗೀಗ 14,000. ಎಲ್ಲವೂ ಸೆಕೆಂಡಿಗೆ ಇಷ್ಟು ಎಂಬಿ ಎಂಬ ಲೆಕ್ಕ. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ಯಾವ ಕೆಲಸದಲ್ಲಿ, ಎಷ್ಟು ಹೊತ್ತು, ಯಾವ ಮದರ್‌ಬೋರ್ಡಿನ ಮೇಲೆ ಸಿಗುತ್ತದೆ ಎಂಬುದನ್ನು ಪೆಟ್ಟಿಗೆ ಹೇಳುವುದಿಲ್ಲ. ನಮ್ಮ ಕಂಪ್ಯೂಟರಿಗೆ ಹೊಸದೊಂದನ್ನು ಆರಿಸುವಾಗ ನಾನು ಡ್ರೈವುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಮನೆಯ ಕೆಲಸದ ಲೆಕ್ಕವನ್ನೇ ಮೊದಲು ಕಾಗದದ ಮೇಲೆ ಬರೆದುಕೊಂಡೆ. ಆ ಲೆಕ್ಕದಿಂದ ಬಂದ ಉತ್ತರ ಅಂಗಡಿಯ ಸಲಹೆಗಿಂತಲೂ, ಹುಡುಗರ ಸಲಹೆಗಿಂತಲೂ ಬೇರೆಯಾಗಿತ್ತು.

ಕೆಲಸ ಯಾವುದೆಂದು ಹೇಳಿಬಿಡುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಕೆಲವು ಹಳ್ಳಿಗಳಲ್ಲಿ ಜಾತ್ರೆಯ ಕಾಲಕ್ಕೆ ಇನ್ನೂ ಮೂಡಲಪಾಯ ಯಕ್ಷಗಾನದ ಆಟಗಳು ನಡೆಯುತ್ತವೆ. ಗೆಳೆಯರೊಬ್ಬರೊಡನೆ ಸೇರಿ ಅವನ್ನು ಚಿತ್ರೀಕರಿಸಿ, ತುಮಕೂರಿನ ಮನೆಯಲ್ಲಿ ಕುಳಿತು ಎಡಿಟ್ ಮಾಡಿ, ಆಯಾ ಮೇಳದವರಿಗೆ ಒಂದೊಂದು ಪ್ರತಿ ಕೊಡುವುದು ನನ್ನ ಬಿಡುವಿನ ಉದ್ಯೋಗ. ರಾತ್ರಿ ಶುರುವಾದ ಆಟ ಬೆಳಗಿನ ಜಾವದವರೆಗೆ ಸಾಗುತ್ತದೆ. ಒಂದು ಕ್ಯಾಮೆರಾ ಇಡೀ ರಂಗವನ್ನು ನೋಡುತ್ತಿದ್ದರೆ, ಇನ್ನೊಂದು ಭಾಗವತರು, ಮದ್ದಳೆ, ಮುಖವೀಣೆಯವರ ಕಡೆಗೆ ತಿರುಗಿರುತ್ತದೆ.

ಎರಡೂ ಕ್ಯಾಮೆರಾಗಳು 4ಕೆ ಚಿತ್ರವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಿಸುತ್ತವೆ. ಎಂಟು ಬಿಟ್‌ಗೆ ಒಂದು ಬೈಟ್; ಹಾಗಾಗಿ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ, ಎಂಟು ಗಂಟೆಗೆ 360 ಜಿಬಿ, ಎರಡು ಕ್ಯಾಮೆರಾ ಸೇರಿ 720 ಜಿಬಿ. ನೋಡುವುದಕ್ಕೆ ದೊಡ್ಡ ಮೊತ್ತವೇ. ಆದರೆ ಎರಡೂ ಕ್ಯಾಮೆರಾಗಳ ಚಿತ್ರವನ್ನು ಒಟ್ಟಿಗೆ ಓಡಿಸಿ ನೋಡಲು ಡ್ರೈವು ಸೆಕೆಂಡಿಗೆ 25 ಎಂಬಿ ಕೊಟ್ಟರೆ ಸಾಕು, ಅಷ್ಟನ್ನು ಹಳೆಯ ಹಾರ್ಡ್ ಡಿಸ್ಕ್ ಕೂಡ ಆರಾಮವಾಗಿ ಕೊಡುತ್ತದೆ. ಕ್ಯಾಮೆರಾದ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸುವಾಗಲೂ ಅಷ್ಟೆ. ನಮ್ಮ ಬಳಿ ಇರುವ ಯುಎಚ್‌ಎಸ್-1 ಬಗೆಯ ಕಾರ್ಡುಗಳಿಗೆ ಸೆಕೆಂಡಿಗೆ 104 ಎಂಬಿಯೇ ಮೇಲ್ಮಿತಿ, ಎದುರಿಗೆ 7,000ದ ಡ್ರೈವು ಕುಳಿತಿದ್ದರೂ ಕಾರ್ಡು ತನ್ನ ನಡಿಗೆಯಲ್ಲೇ ಬರುತ್ತದೆ. ಒಂದು ಕ್ಯಾಮೆರಾದ ರಾತ್ರಿಯಿಡೀ ದಾಖಲೆ ಇಳಿಯಲು ಕಡಿಮೆಯೆಂದರೂ ಒಂದು ಗಂಟೆಯ ಹತ್ತಿರ ಹಿಡಿಯುತ್ತದೆ, ಅದನ್ನು ಯಾವ ಎಸ್‌ಎಸ್‌ಡಿಯೂ ಕಡಿಮೆ ಮಾಡಲಾರದು.

ಹಾಗಾದರೆ ವೇಗದ ಡ್ರೈವು ಬೇಕಾಗುವುದಾದರೂ ಎಲ್ಲಿ? ಕ್ಯಾಮೆರಾ ಕೊಡುವ ಚಿತ್ರ ಬಹಳ ಅಡಕವಾಗಿ ಸುತ್ತಿಟ್ಟದ್ದು. ಹಿಂದೆ ಮುಂದೆ ಎಳೆದು ನೋಡುವಾಗ ಅದನ್ನು ಬಿಚ್ಚುವುದರಲ್ಲಿಯೇ ಪ್ರೊಸೆಸರ್ ಏದುಸಿರು ಬಿಡುತ್ತದೆ. ಅದಕ್ಕಾಗಿ ಎಡಿಟ್ ಮಾಡುವವರು ಬೇಕಾದ ಭಾಗಗಳನ್ನು ಪ್ರೊರೆಸ್‌ನಂಥ ಹಗುರವಾಗಿ ಬಿಚ್ಚಿಕೊಳ್ಳುವ, ಆದರೆ ಗಾತ್ರದಲ್ಲಿ ದೊಡ್ಡದಾದ ರೂಪಕ್ಕೆ ಪರಿವರ್ತಿಸಿಕೊಳ್ಳುತ್ತಾರೆ. ಪ್ರೊರೆಸ್ 422 ರೂಪದಲ್ಲಿ, ಸೆಕೆಂಡಿಗೆ 25 ಫ್ರೇಮಿನ 4ಕೆ ಚಿತ್ರಕ್ಕೆ ಸುಮಾರು 492 ಮೆಗಾಬಿಟ್ ಬೇಕು, ಎಂದರೆ 61 ಎಂಬಿ. ಗಂಟೆಗೆ 220 ಜಿಬಿ ದಾಟುತ್ತದೆ. ಪರಿವರ್ತನೆ ನಾಲ್ಕು ಪಟ್ಟು ವೇಗದಲ್ಲಿ ನಡೆದರೆ ಡ್ರೈವು ಬಿಡುವಿಲ್ಲದೆ ಸೆಕೆಂಡಿಗೆ 240 ಎಂಬಿಗೂ ಹೆಚ್ಚು ಬರೆದುಕೊಳ್ಳಬೇಕು, ಅದೂ ಕೆಲವು ಕ್ಷಣವಲ್ಲ, ಮೂರು ಗಂಟೆಯ ಭಾಗಕ್ಕೆ ಮುಕ್ಕಾಲು ಗಂಟೆ. ಇದರ ಜೊತೆಗೆ ಒಂದು ಡ್ರೈವಿನಿಂದ ಇನ್ನೊಂದಕ್ಕೆ ನೂರಾರು ಜಿಬಿ ಕಾಪಿ ಮಾಡುವ ಕೆಲಸ. ನನಗೆ ಬೇಕಾದದ್ದು ದೀರ್ಘಕಾಲ ಇಳಿಯದೆ ನಿಲ್ಲುವ ಬರವಣಿಗೆಯ ವೇಗ. ಪೆಟ್ಟಿಗೆಯ ಮೇಲೆ ಅಚ್ಚಾಗದೇ ಇರುವುದು ಸರಿಯಾಗಿ ಅದೇ.

ಮನೆಬಳಕೆಗೆ ಕೊಳ್ಳುವ ಬಹುಪಾಲು ಜನರಿಗೆ ಇಷ್ಟೂ ಬೇಕಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಕಂಪ್ಯೂಟರ್ ಆನ್ ಆಗುವುದು, ಬ್ರೌಸರ್ ತೆರೆಯುವುದು, ನುಡಿ ತಂತ್ರಾಂಶದಲ್ಲಿ ಪತ್ರ ಬರೆಯುವುದು ಇವೆಲ್ಲ ಸಣ್ಣ ಸಣ್ಣ ತುಣುಕುಗಳನ್ನು ಅಲ್ಲಲ್ಲಿಂದ ಓದುವ ಕೆಲಸಗಳು. ಹಾರ್ಡ್ ಡಿಸ್ಕಿನಲ್ಲಿ ಪ್ರತಿ ತುಣುಕಿಗೂ ಮುಳ್ಳು ಸರಿಯಬೇಕು, ತಟ್ಟೆ ತಿರುಗಿ ಬರಬೇಕು. ಒಂದೊಂದಕ್ಕೆ ಹತ್ತು ಮಿಲಿಸೆಕೆಂಡಿನ ಆಸುಪಾಸು. ಎಸ್‌ಎಸ್‌ಡಿಯಲ್ಲಿ ಅದೇ ಕೆಲಸ ಮಿಲಿಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದರೂ ಕಂಪ್ಯೂಟರಿಗೆ ಮರುಜನ್ಮ ಬಂದಂತೆ ಅನಿಸುವುದು ಅದಕ್ಕೇ. ಅಲ್ಲಿಂದ ಮುಂದಿನ ಮೆಟ್ಟಿಲುಗಳು ಅಷ್ಟು ಎತ್ತರವಿಲ್ಲ. 4 ಕೆಬಿಯ ತುಣುಕುಗಳನ್ನು ಒಂದಾದ ಮೇಲೊಂದರಂತೆ ಓದುವಾಗ ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 30ರಿಂದ 40 ಎಂಬಿ ಕೊಟ್ಟರೆ, ಹೊಸ ಬಗೆಯ ಒಳ್ಳೆಯ ಎನ್‌ವಿಎಂಇ ಡ್ರೈವು 60ರಿಂದ 90 ಕೊಡುತ್ತದೆ. ಏಳು ಸಾವಿರದ ಹೆಗ್ಗಳಿಕೆಯ ಡ್ರೈವು ದಿನನಿತ್ಯದ ಕೆಲಸದಲ್ಲಿ ಓಡುವುದು ಈ ಎರಡಂಕಿಯ ವೇಗದಲ್ಲಿ.

ಸಾಟಾ ಎಂಬುದು ಹಾರ್ಡ್ ಡಿಸ್ಕಿಗಾಗಿ ಹುಟ್ಟಿದ ದಾರಿ. ಸೆಕೆಂಡಿಗೆ 6 ಗಿಗಾಬಿಟ್ ಅದರ ಮಿತಿಯಾದ್ದರಿಂದ ಅದರಲ್ಲಿ ಸುಮಾರು 550 ಎಂಬಿಗಿಂತ ಹೆಚ್ಚು ಬರುವುದಿಲ್ಲ. ಅದರ ಜೊತೆ ಬಳಕೆಯಲ್ಲಿರುವ ಎಎಚ್‌ಸಿಐ ನಿಯಮದಲ್ಲಿ ಆದೇಶಗಳಿಗೆ ಒಂದೇ ಸರದಿ, ಆ ಸರದಿಯಲ್ಲಿ 32 ಆದೇಶಗಳಿಗೆ ಮಾತ್ರ ಜಾಗ. 2011ರಲ್ಲಿ ಮೊದಲ ಆವೃತ್ತಿ ಕಂಡ ಎನ್‌ವಿಎಂಇ ನಿಯಮ ಫ್ಲ್ಯಾಶ್ ಮೆಮೊರಿಗಾಗಿಯೇ ರೂಪುಗೊಂಡದ್ದು. ಅದರಲ್ಲಿ ಸರದಿಗಳು ಸಾವಿರಾರು ಇರಬಹುದು, ದಾರಿ ನೇರವಾಗಿ ಪಿಸಿಐಇ, ಎಂದರೆ ಗ್ರಾಫಿಕ್ಸ್ ಕಾರ್ಡು ಬಳಸುವ ಅದೇ ವೇಗದ ಮಾರ್ಗ. ಮೂರನೆಯ ತಲೆಮಾರಿನ ಪಿಸಿಐಇಯ ನಾಲ್ಕು ಲೇನ್‌ಗಳಲ್ಲಿ ಸುಮಾರು 3,500 ಎಂಬಿ, ನಾಲ್ಕನೆಯದರಲ್ಲಿ 7,000ಕ್ಕೂ ತುಸು ಹೆಚ್ಚು, ಐದನೆಯದರಲ್ಲಿ 14,000ದ ಆಸುಪಾಸು. ಪೆಟ್ಟಿಗೆಯ ಮೇಲಿನ ಸಂಖ್ಯೆಗಳು ಬಂದದ್ದು ಇಲ್ಲಿಂದಲೇ.

ಈ ದಾರಿ ಎಷ್ಟು ಅಗಲವೆಂದು ತೀರ್ಮಾನಿಸುವುದು ಮದರ್‌ಬೋರ್ಡು. ನಮ್ಮದು ಬಿ450 ಚಿಪ್‌ಸೆಟ್ಟಿನ ಬೋರ್ಡು. ಅದರಲ್ಲಿ ಡ್ರೈವಿನ ಕಾರ್ಡು ಕೂರಿಸುವ ಮೊದಲ ಎಂ.2 ಸ್ಲಾಟು ಮೂರನೆಯ ತಲೆಮಾರಿನದು, ಆದ್ದರಿಂದ ಯಾವ ಡ್ರೈವು ಕೂರಿಸಿದರೂ 3,500ರ ಆಚೆಗೆ ಹೋಗುವುದಿಲ್ಲ. ಇಂಟೆಲ್‌ನ ಎಚ್310 ಚಿಪ್‌ಸೆಟ್ಟಿನ ಹಳೆಯ ಬೋರ್ಡುಗಳು ಇನ್ನೂ ಬಹಳ ಮನೆಗಳಲ್ಲಿವೆ. ಆ ಚಿಪ್‌ಸೆಟ್ ಕೊಡುವುದು ಎರಡನೆಯ ತಲೆಮಾರಿನ ಲೇನ್‌ಗಳನ್ನು, ನಾಲ್ಕು ಲೇನ್ ಸಿಕ್ಕರೂ 2,000 ಎಂಬಿ ಮುಟ್ಟುವುದಿಲ್ಲ. ಮನೆಯ ಡೆಸ್ಕ್‌ಟಾಪುಗಳಲ್ಲಿ ನಾಲ್ಕನೆಯ ತಲೆಮಾರು ಎಎಂಡಿಯಲ್ಲಿ 2019ರಿಂದ, ಇಂಟೆಲ್‌ನಲ್ಲಿ 2021ರ ಹನ್ನೊಂದನೆಯ ತಲೆಮಾರಿನ ಪ್ರೊಸೆಸರಿನಿಂದ ಬಂತು. ಇನ್ನೊಂದು ತೊಡಕೂ ಇದೆ: ಎಂ.2 ಎಂಬುದು ಆಕಾರದ ಹೆಸರು ಮಾತ್ರ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಒಂದೇ ರೂಪದ ಕಾರ್ಡಿನೊಳಗೆ ಸಾಟಾ ಇರಬಹುದು, ಎನ್‌ವಿಎಂಇಯೂ ಇರಬಹುದು. ಕೆಲವು ಬೋರ್ಡುಗಳ ಸ್ಲಾಟು ಒಂದನ್ನು ಒಪ್ಪಿ ಇನ್ನೊಂದನ್ನು ಒಪ್ಪುವುದಿಲ್ಲ. ಕೆಲವದರಲ್ಲಿ ಎರಡನೆಯ ಎಂ.2 ಸ್ಲಾಟಿಗೆ ಡ್ರೈವು ಹಾಕಿದ ಕೂಡಲೇ ಎರಡು ಸಾಟಾ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ. ಬೋರ್ಡಿನ ಕೈಪಿಡಿಯಲ್ಲಿ ಇದೆಲ್ಲ ಒಂದು ಸಣ್ಣ ಕೋಷ್ಟಕವಾಗಿ ಇದ್ದೇ ಇರುತ್ತದೆ. ಕೊಳ್ಳುವ ಮೊದಲು ಓದಬೇಕಾದ ಪುಟ ಅದೊಂದೇ.

ಇಲ್ಲಿಯೇ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಅಕ್ಕನ ಮಗ, "ಮಾವ, ತಗೊಳ್ಳೋದು ತಗೊಳ್ತೀರ, ಜೆನ್ 5 ಅನ್ನೇ ತಗೊಂಡ್ಬಿಡಿ" ಎಂದು ಒತ್ತಾಯಿಸುತ್ತಿದ್ದ. ಈ ಬೋರ್ಡಿನ ಮೇಲೆ ಆ ಐದನೆಯ ತಲೆಮಾರಿನ ಡ್ರೈವು ಕಾಲುಭಾಗದ ವೇಗದಲ್ಲಿ ಓಡುತ್ತದೆ ಎಂದಾಗ, ಬೋರ್ಡನ್ನೂ ಬದಲಿಸಬಹುದಲ್ಲ ಎಂದ. ಆ ವಯಸ್ಸಿಗೆ ಎಲ್ಲವೂ ಬದಲಾಯಿಸಬಹುದಾದ ಬಿಡಿಭಾಗವೇ.

ಬೋರ್ಡಿನ ಮಿತಿ ಗೊತ್ತಾದ ಮೇಲೆ ಡ್ರೈವಿನ ಒಳಗನ್ನು ನೋಡಬೇಕು. ತೋಷಿಬಾದ ಫುಜಿಯೊ ಮಸುವೊಕ ಮತ್ತು ಸಂಗಡಿಗರು 1987ರಲ್ಲಿ ಎಸ್‌ಎಸ್‌ಡಿಗಳ ಒಳಗಿರುವ ನ್ಯಾಂಡ್ ಫ್ಲ್ಯಾಶ್ ಮೆಮೊರಿಯನ್ನು ಮುಂದಿಟ್ಟಾಗ ಒಂದು ಕೋಶದಲ್ಲಿ ಒಂದು ಬಿಟ್ ಮಾತ್ರ ಇತ್ತು. ವಿದ್ಯುದಂಶ ಇದೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಆಯಿತು. ಈಗಿನ ಟಿಎಲ್‌ಸಿಯಲ್ಲಿ ಒಂದು ಕೋಶಕ್ಕೆ ಮೂರು ಬಿಟ್, ಎಂದರೆ ಎಂಟು ಮಟ್ಟಗಳನ್ನು ಬೇರ್ಪಡಿಸಿ ಗುರುತಿಸಬೇಕು. ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್, ಹದಿನಾರು ಮಟ್ಟ. ಮಟ್ಟಗಳು ಹತ್ತಿರ ಹತ್ತಿರ ಬಂದಷ್ಟೂ ನಿಧಾನವಾಗಿ, ಅಳೆದು ಅಳೆದು ಬರೆಯಬೇಕಾಗುತ್ತದೆ, ಕೋಶ ಸವೆಯುವುದೂ ಬೇಗ. ಬೆಲೆ ಕಡಿಮೆಯಾಗುವುದಕ್ಕೂ ಕಾರಣ ಅದೇ.

ಈ ನಿಧಾನವನ್ನು ಮರೆಮಾಡಲು ತಯಾರಕರು ಒಂದು ಉಪಾಯ ಮಾಡುತ್ತಾರೆ. ಖಾಲಿ ಇರುವ ಕೋಶಗಳಲ್ಲಿ ಮೊದಲು ಒಂದೊಂದೇ ಬಿಟ್ ಬರೆದು ಬೇಗ ಮುಗಿಸಿಬಿಡುತ್ತಾರೆ, ಆಮೇಲೆ ಬಿಡುವಾದಾಗ ಅದನ್ನು ಮೂರು ಅಥವಾ ನಾಲ್ಕು ಬಿಟ್‌ಗಳಾಗಿ ಅಡಕ ಮಾಡಿ ಎತ್ತಿಡುತ್ತಾರೆ. ಇದನ್ನೇ ಎಸ್‌ಎಲ್‌ಸಿ ಕ್ಯಾಶ್ ಎನ್ನುವುದು. ತಿಪಟೂರು ಕಡೆಯ ತೋಟದ ಮನೆಗಳಲ್ಲಿ ಕೊಬ್ಬರಿಗೆಂದು ತಂದ ಕಾಯಿಯನ್ನು ಟ್ರ್ಯಾಕ್ಟರಿನಿಂದ ಅಂಗಳಕ್ಕೆ ಸುರಿಯುವುದು ಐದು ನಿಮಿಷದ ಕೆಲಸ, ಅದನ್ನು ಅಟ್ಟಕ್ಕೆ ಏರಿಸುವುದು ಇಡೀ ದಿನದ ಕೆಲಸ. ಅಂಗಳ ತುಂಬಿರುವಾಗ ಎರಡನೆಯ ಟ್ರ್ಯಾಕ್ಟರ್ ಬಂದರೆ, ಆಳುಗಳು ಅಟ್ಟಕ್ಕೆ ಏರಿಸಿದಷ್ಟೇ ಕಾಯಿ ಇಳಿಯುತ್ತದೆ. ಪೆಟ್ಟಿಗೆಯ ಮೇಲಿನ ಬರವಣಿಗೆಯ ವೇಗ ಅಂಗಳಕ್ಕೆ ಸುರಿಯುವ ವೇಗ.

ಅಂಗಳದ ಅಳತೆಯನ್ನು ನಾವೇ ಅಂದಾಜು ಮಾಡಿಕೊಳ್ಳಬಹುದು. ಒಂದು ಟಿಬಿಯ ಕ್ಯೂಎಲ್‌ಸಿ ಡ್ರೈವು ಪೂರ್ತಿ ಖಾಲಿ ಇದ್ದಾಗ, ಎಲ್ಲ ಕೋಶಗಳನ್ನೂ ಒಂದೊಂದೇ ಬಿಟ್‌ಗೆ ಬಳಸಿದರೂ ಕಾಲುಭಾಗ, ಎಂದರೆ ಹೆಚ್ಚೆಂದರೆ 250 ಜಿಬಿ ಕ್ಯಾಶ್ ಸಿಗುತ್ತದೆ. ಅದೇ ಡ್ರೈವು ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಿ 200 ಜಿಬಿ ಮಾತ್ರ ಉಳಿದಿದ್ದರೆ ಕ್ಯಾಶ್ 50 ಜಿಬಿ. ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಹೊಸ, ಖಾಲಿ ಡ್ರೈವಿನ ಮೇಲೆ ಒಂದೆರಡು ಜಿಬಿಯ ಪರೀಕ್ಷೆ ಓಡಿಸಿ ಚಿತ್ರ ತೋರಿಸುತ್ತಾರೆ. ಅದರಲ್ಲಿ ಎಲ್ಲ ಡ್ರೈವುಗಳೂ ಚೆನ್ನಾಗಿಯೇ ಕಾಣುತ್ತವೆ. ನೋಡಬೇಕಾದದ್ದು ಡ್ರೈವು ತುಂಬುವವರೆಗೆ ಬರೆಯುತ್ತ ಹೋದಾಗ ವೇಗದ ಗೆರೆ ಎಲ್ಲಿ ಕುಸಿಯುತ್ತದೆ, ಕುಸಿದ ಮೇಲೆ ಎಲ್ಲಿ ನಿಲ್ಲುತ್ತದೆ ಎಂಬ ನಕ್ಷೆಯನ್ನು. ಅಗ್ಗದ ಕ್ಯೂಎಲ್‌ಸಿ ಡ್ರೈವುಗಳಲ್ಲಿ ಅದು ಹಾರ್ಡ್ ಡಿಸ್ಕಿನ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಒಳ್ಳೆಯ 2 ಟಿಬಿ ಟಿಎಲ್‌ಸಿ ಡ್ರೈವು ಸೆಕೆಂಡಿಗೆ ಸಾವಿರ ಎಂಬಿಯ ಮೇಲೆಯೇ ನಿಲ್ಲುತ್ತದೆ. ನನಗೆ ಬೇಕಾದ 240ರ ಎದುರು ಮೊದಲನೆಯದು ಸೋಲುತ್ತದೆ, ಎರಡನೆಯದು ನಾಲ್ಕು ಪಟ್ಟು ಮಿಗಿಸಿ ಗೆಲ್ಲುತ್ತದೆ. ನನ್ನ ಮಟ್ಟಿಗೆ ಆಯ್ಕೆ ಇಲ್ಲಿಗೇ ಬಹುತೇಕ ಮುಗಿದಿತ್ತು.

ಉಳಿದದ್ದರಲ್ಲಿ ಡಿ-ರ‍್ಯಾಮ್ ಒಂದು. ಯಾವ ಫೈಲಿನ ಯಾವ ತುಣುಕು ಯಾವ ಕೋಶದಲ್ಲಿದೆ ಎಂಬ ವಿಳಾಸಪಟ್ಟಿಯನ್ನು ಡ್ರೈವು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಅದಕ್ಕೆ ಸಾಮಾನ್ಯವಾಗಿ ಒಂದು ಟಿಬಿಗೆ ಒಂದು ಜಿಬಿ ಡಿ-ರ‍್ಯಾಮ್ ಬೇಕು. ಅಗ್ಗದ ಎನ್‌ವಿಎಂಇ ಡ್ರೈವುಗಳು ಅದನ್ನು ಬಿಟ್ಟು, ಕಂಪ್ಯೂಟರಿನ ರ‍್ಯಾಮ್‌ನಲ್ಲಿಯೇ ಕೆಲವು ಹತ್ತು ಎಂಬಿಗಳ ಜಾಗವನ್ನು ಕೇಳಿ ಪಡೆಯುತ್ತವೆ. ಮನೆಬಳಕೆಗೆ ಇದು ಸಾಕು. ನೂರಾರು ಜಿಬಿಯ ಮೇಲೆ ಎಲ್ಲೆಂದರಲ್ಲಿ ಓಡಾಡುವ ಕೆಲಸವಿದ್ದರೆ ಡಿ-ರ‍್ಯಾಮ್ ಇರುವುದು ಮೇಲು. ಸಾಟಾ ಡ್ರೈವಿಗೆ ಕಂಪ್ಯೂಟರಿನ ರ‍್ಯಾಮನ್ನು ಹೀಗೆ ಬಳಸುವ ಸೌಲಭ್ಯವಿಲ್ಲ. ಆದ್ದರಿಂದ ಡಿ-ರ‍್ಯಾಮ್ ಇಲ್ಲದ ಅಗ್ಗದ ಸಾಟಾ ಎಸ್‌ಎಸ್‌ಡಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಹಳೆಯ ಲ್ಯಾಪ್‌ಟಾಪಿಗೆ ಜೀವ ಕೊಡುವುದಷ್ಟೇ ಉದ್ದೇಶವಾಗಿದ್ದರೆ ಮಾತು ಬೇರೆ.

ಬಾಳಿಕೆಯ ಲೆಕ್ಕವನ್ನು ತಯಾರಕರು ಟಿಬಿಡಬ್ಲ್ಯು ಎಂದು ಕೊಡುತ್ತಾರೆ. ವಾರಂಟಿ ಅವಧಿಯಲ್ಲಿ ಒಟ್ಟು ಎಷ್ಟು ಟಿಬಿ ಬರೆಯಬಹುದೆಂಬ ಮಿತಿ. ಸ್ಯಾಮ್‌ಸಂಗ್ 990 ಪ್ರೊ, ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್ ಇವೆರಡರ 2 ಟಿಬಿ ಮಾದರಿಗಳಿಗೂ ಅದು 1,200; ಕ್ಯೂಎಲ್‌ಸಿ ಬಳಸುವ ಕ್ರೂಶಿಯಲ್ ಪಿ3 ಪ್ಲಸ್‌ನ 2 ಟಿಬಿಗೆ 440. ಮೂರಕ್ಕೂ ಐದು ವರ್ಷದ ವಾರಂಟಿ. ಒಂದು ರಾತ್ರಿಯ ಆಟಕ್ಕೆ ಮೂಲ ದಾಖಲೆ 720 ಜಿಬಿ, ಪರಿವರ್ತಿಸಿದ ಮೂರು ಗಂಟೆಯ ಭಾಗ ಸುಮಾರು 660 ಜಿಬಿ, ಕೊನೆಯ ಪ್ರತಿಗಳು ಸೇರಿ ಒಂದೂವರೆ ಟಿಬಿ ಎಂದಿಟ್ಟುಕೊಂಡರೂ 1,200 ಟಿಬಿಗೆ ಎಂಟುನೂರು ಆಟಗಳಾಗುತ್ತವೆ. ಮೇಳಗಳ ಈಗಿನ ಸ್ಥಿತಿ ನೋಡಿದರೆ ಡ್ರೈವಿನ ಬಾಳಿಕೆಯ ಚಿಂತೆ ಮಾಡಬೇಕಾದ ಅಗತ್ಯ ಕಾಣುವುದಿಲ್ಲ. ದಿನಕ್ಕೆ 50 ಜಿಬಿ ಬರೆಯುವ ಸಾಧಾರಣ ಮನೆಗೆ 440 ಟಿಬಿಯೂ ಇಪ್ಪತ್ತು ವರ್ಷ ದಾಟುತ್ತದೆ. ಟಿಬಿಡಬ್ಲ್ಯು ನೋಡಿ ಹೆದರಿ ಹೆಚ್ಚು ಹಣ ತೆರಬೇಕಾಗಿಲ್ಲ.

ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ವಿಚಾರಿಸಿದಾಗ ಎದುರಿಗೆ ಬಂದದ್ದು ನಾನು ಹೆಸರೇ ಕೇಳದ ಒಂದು ಡ್ರೈವು. "ಸಾರ್, ಸ್ಪೀಡು ಅದೇ, ರೇಟು ಕಮ್ಮಿ, ಎಲ್ರೂ ಇದನ್ನೇ ತಗಂಡೋಗ್ತಾ ಇದಾರೆ" ಎಂದು ಅಂಗಡಿಯವರು ಹೇಳಿದರು. ಒಳಗಿರುವುದು ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂದರೆ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಎಸ್‌ಎಸ್‌ಡಿ ಸಾರ್" ಎಂದರು. ಅವರನ್ನು ದೂರಿ ಫಲವಿಲ್ಲ, ಪೆಟ್ಟಿಗೆಯ ಮೇಲೆ ಅದು ಬರೆದೇ ಇರಲಿಲ್ಲ. ಒಳಗಿನ ಭಾಗಗಳ ವಿವರವನ್ನು ಬಹಿರಂಗವಾಗಿ ಹೇಳದ ತಯಾರಕರು, ಮಾದರಿಯ ಹೆಸರನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಮೆಮೊರಿಯನ್ನು ಬದಲಿಸಲು ಅಡ್ಡಿಯೇನೂ ಇರುವುದಿಲ್ಲ; ಹಿಂದೆ ಹಾಗೆ ನಡೆದದ್ದೂ ಉಂಟು. ಕೊನೆಗೆ ಬೇರೊಂದು ಅಂಗಡಿಯಲ್ಲಿ ಎಸ್‌ಎನ್850ಎಕ್ಸ್‌ನ 2 ಟಿಬಿಯನ್ನು ಹೇಳಿ ತರಿಸಿಕೊಂಡೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತುಸು ಕಡಿಮೆಗೆ ಸಿಗುತ್ತಿತ್ತು, ಆದರೆ ಐದು ವರ್ಷದ ವಾರಂಟಿಯ ವಸ್ತುವಿಗೆ ಸೀರಿಯಲ್ ನಂಬರ್ ಬರೆದ ಬಿಲ್ಲು ಕೊಡುವ ಊರಿನ ಅಂಗಡಿ ನನಗೆ ಹೆಚ್ಚು. ಮೂರನೆಯ ತಲೆಮಾರಿನ ಬೋರ್ಡಿಗೆ ನಾಲ್ಕನೆಯ ತಲೆಮಾರಿನ ಡ್ರೈವು ಏಕೆ ಎಂದು ಕೇಳಬಹುದು. ಓದುವ ವೇಗ 7,300ರ ಬದಲು 3,500ಕ್ಕೆ ನಿಲ್ಲುತ್ತದೆ, ನಿಜ. ಕ್ಯಾಶ್ ಮುಗಿದ ಮೇಲಿನ ಬರವಣಿಗೆಯ ವೇಗ ಬೋರ್ಡಿನ ಮಿತಿಗಿಂತ ಕೆಳಗಿರುವುದರಿಂದ ಅದು ಪೂರ್ತಿ ಸಿಗುತ್ತದೆ. ಮುಂದೆ ಬೋರ್ಡು ಬದಲಾದರೆ ಡ್ರೈವನ್ನು ಅದಕ್ಕೇ ಹಾಕಿಕೊಳ್ಳಬಹುದು.

ಕೂರಿಸುವುದು ಸುಲಭ, ಆದರೂ ಒಂದು ವಿಷಯ ಹೇಳಬೇಕು. ಕಾರ್ಡನ್ನು ಸ್ಲಾಟಿಗೆ ಓರೆಯಾಗಿ ತೂರಿಸಿದರೆ ಆಚೆ ತುದಿ ತಾನಾಗಿ ಮೇಲೆದ್ದು ನಿಲ್ಲುತ್ತದೆ. ಅದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ತಲೆಯ ಸ್ಕ್ರೂವನ್ನು ಬಿಗಿಯಬೇಕು. ಆ ಸ್ಕ್ರೂ ಬೋರ್ಡಿನ ಪೆಟ್ಟಿಗೆಯಲ್ಲಿ ಪ್ರತ್ಯೇಕ ಪೊಟ್ಟಣದಲ್ಲಿ ಬಂದಿರುತ್ತದೆ, ಬಹಳ ಮನೆಗಳಲ್ಲಿ ಆ ಪೊಟ್ಟಣ ಕಸಕ್ಕೆ ಹೋಗಿರುತ್ತದೆ. ಡ್ರೈವಿನ ಬಿಸಿ ಹೀರುವ ಲೋಹದ ಹೀಟ್ ಸಿಂಕ್ ಹಾಕುವುದಾದರೆ ಅದರ ತಳದ ಮೆತ್ತನೆಯ ಪ್ಯಾಡಿಗೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿರುತ್ತದೆ. ಉಗುರಿನಿಂದ ಮೂಲೆ ಎಬ್ಬಿಸಿ ಅದನ್ನು ಕಿತ್ತು ತೆಗೆಯದಿದ್ದರೆ ಬಿಸಿ ಲೋಹಕ್ಕೆ ಸರಿಯಾಗಿ ದಾಟುವುದಿಲ್ಲ. ಡ್ರೈವಿನ ಮೇಲಿನ ಲೇಬಲನ್ನು ಮಾತ್ರ ಕೀಳಬಾರದು, ಕಿತ್ತರೆ ವಾರಂಟಿಗೆ ತಕರಾರು ಬರುತ್ತದೆ.

ಹೀಟ್ ಸಿಂಕ್ ನಮ್ಮಲ್ಲಿ ಅಲಂಕಾರದ ವಸ್ತುವಲ್ಲ. ಏಪ್ರಿಲ್‌ನಲ್ಲಿ ತುಮಕೂರಿನ ಬಿಸಿಲು 35 ಡಿಗ್ರಿ ದಾಟಿರುತ್ತದೆ, ಮುಚ್ಚಿದ ಕ್ಯಾಬಿನೆಟ್ಟಿನ ಒಳಗೆ ಇನ್ನೂ ಹೆಚ್ಚು, ಮೊದಲ ಎಂ.2 ಸ್ಲಾಟು ಸಾಮಾನ್ಯವಾಗಿ ಇರುವುದು ಗ್ರಾಫಿಕ್ಸ್ ಕಾರ್ಡಿನ ಬಿಸಿಯುಸಿರಿನ ಪಕ್ಕದಲ್ಲಿ. ಡ್ರೈವಿನ ಕಂಟ್ರೋಲರ್ 80 ಡಿಗ್ರಿಯ ಸುತ್ತಮುತ್ತ ಬಂದಾಗ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮುಕ್ಕಾಲು ಗಂಟೆ ಒಂದೇ ಸಮನೆ ಬರೆಯುವ ನನ್ನಂಥವರ ಕೆಲಸದಲ್ಲಿ ಎದುರಾಗುವುದು ಅದೇ. ಐದನೆಯ ತಲೆಮಾರಿನ ಮೊದಲ ಡ್ರೈವುಗಳಲ್ಲಿ ಕೆಲವು ಪುಟ್ಟ ಫ್ಯಾನಿನೊಂದಿಗೇ ಬಂದವು ಎಂಬುದನ್ನು ಅಕ್ಕನ ಮಗನಿಗೂ ಹೇಳಿದ್ದೇನೆ.

ಹೊಸ ಡ್ರೈವನ್ನು ಹಾಕಿದ ದಿನವೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡುವುದು ಒಳ್ಳೆಯದು. ಎಷ್ಟು ಗಂಟೆ ಚಾಲನೆಯಲ್ಲಿತ್ತು, ಈವರೆಗೆ ಎಷ್ಟು ಬರೆಯಲಾಗಿದೆ ಎಂಬುದು ಅಲ್ಲಿ ಕಾಣುತ್ತದೆ. ಹೊಸದೆಂದು ಕೊಂಡ ಡ್ರೈವಿನಲ್ಲಿ ನೂರಾರು ಗಂಟೆ ಕಂಡರೆ ಬಿಲ್ಲು ಹಿಡಿದು ಅಂದೇ ಅಂಗಡಿಗೆ ಹೋಗಬೇಕು. ಡ್ರೈವಿನ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್‌ಗೆ ತಯಾರಕರ ಪರಿಷ್ಕರಣೆ ಇದ್ದರೆ ಡೇಟಾ ತುಂಬುವ ಮೊದಲೇ ಮುಗಿಸಿಕೊಳ್ಳಬೇಕು.

ಕರೆಂಟಿನ ವಿಷಯ. ಪಾವಗಡದ ಸೌರ ಪಾರ್ಕಿನಿಂದ 2,050 ಮೆಗಾವ್ಯಾಟ್ ಸಾಮರ್ಥ್ಯ ಇದೇ ಜಿಲ್ಲೆಯಲ್ಲಿದ್ದರೂ ಮಳೆಗಾಲದ ಸಂಜೆ ನಮ್ಮ ಬೀದಿಯ ದೀಪ ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಹೇಳಲಾಗದು. ಸರ್ವರುಗಳಿಗಾಗಿ ಮಾಡಿದ ಡ್ರೈವುಗಳಲ್ಲಿ ಕರೆಂಟು ಹೋದಾಗ ಬಾಕಿ ಬರವಣಿಗೆಯನ್ನು ಮುಗಿಸುವಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರ್‌ಗಳಿರುತ್ತವೆ, ಮನೆಬಳಕೆಯವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದುಬಾರಿ ಡ್ರೈವು ಕೊಂಡು ಯುಪಿಎಸ್‌ಗೆ ಹಿಂದೆಮುಂದೆ ನೋಡುವವರು ಮೊದಲು ಯುಪಿಎಸ್ ಕೊಂಡು, ಡ್ರೈವನ್ನು ಒಂದು ಮೆಟ್ಟಿಲು ಕೆಳಗಿನದನ್ನು ತೆಗೆದುಕೊಳ್ಳುವುದೇ ಲೇಸು.

ಎಡಿಟ್ ಮುಗಿದ ಆಟಗಳನ್ನು ಎಸ್‌ಎಸ್‌ಡಿಯಲ್ಲಿಯೇ ಬಿಡುವುದಿಲ್ಲ. ತುಂಬುತ್ತ ಹೋದಂತೆ ಕ್ಯಾಶ್ ಕುಗ್ಗುವುದರಿಂದ ಐದರಲ್ಲಿ ಒಂದು ಪಾಲನ್ನು ಯಾವಾಗಲೂ ಖಾಲಿ ಇಟ್ಟುಕೊಳ್ಳುತ್ತೇನೆ. ಬೀರುವಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೂ ಎಸ್‌ಎಸ್‌ಡಿ ತಕ್ಕದ್ದಲ್ಲ: ಮನೆಬಳಕೆಯ ಡ್ರೈವು ತನ್ನ ಬರವಣಿಗೆಯ ಮಿತಿ ಮುಗಿಸಿದ ಮೇಲೆ, 30 ಡಿಗ್ರಿ ಬಿಸಿಯಲ್ಲಿ, ಕರೆಂಟಿಲ್ಲದೆ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು ಎಂಬುದಷ್ಟೇ ಮೆಮೊರಿ ಉದ್ಯಮದ ಮಾನದಂಡಗಳನ್ನು ರೂಪಿಸುವ ಜೆಡೆಕ್ ಸಂಸ್ಥೆಯ ಅಪೇಕ್ಷೆ. ಹೊಸ ಡ್ರೈವು ಅದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಆದರೆ ನಮ್ಮ ಸೆಖೆಯಲ್ಲಿ ಆ ಭರವಸೆಯ ಮೇಲೆ ಮೇಳದವರ ದಾಖಲೆಯನ್ನು ಬಿಡಲಾರೆ. ಅವು ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹೋಗುತ್ತವೆ. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ತಿಪಟೂರಿನಲ್ಲಿ ಗೆಳೆಯರ ಮನೆಯಲ್ಲಿ.